ಜಾಜ್ ಗಾನವೂ ನೀಲಗಾರರ ತಂಬೂರಿಯೂ

ಜಾಜ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ದೊಡ್ಡ ಹೋಟೆಲುಗಳ ಕುಣಿತ, ಕಿವಿಗಡಚಿಕ್ಕುವ ತುತ್ತೂರಿ. ನನ್ನ ತಿಳಿವಳಿಕೆಯೂ ಬಹುಕಾಲ ಅಷ್ಟೇ ಆಗಿತ್ತು. ಅದನ್ನು ತಿದ್ದಿದವರು ಇಬ್ಬರು: ಒಬ್ಬ ಅಮೆರಿಕದ ವಾದಕ, ಒಬ್ಬ ಗುಂಡ್ಲುಪೇಟೆಯ ಕಡೆಯ ವಿದ್ಯಾರ್ಥಿ.

ವಾದಕನ ಹೆಸರು ಚಾರ್ಲಿ ಮೇರಿಯಾನೊ (1923–2009). ಸ್ಯಾಕ್ಸೊಫೋನಿನಲ್ಲಿ ಹೆಸರಾದ ಈತ ನಮ್ಮ ನಾಗಸ್ವರವನ್ನೂ ಅಭ್ಯಾಸಮಾಡಿದವರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ನಿನ ಕಲಾವಿದರೊಡನೆ ಅವರು ನುಡಿಸಿದ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ 1983ರಲ್ಲಿ ಜರ್ಮನಿಯಿಂದ ಹೊರಬಂದಿತು. ಟಿ. ಎ. ಎಸ್. ಮಣಿಯವರ ಮೃದಂಗ, ಆರ್. ಎ. ರಮಾಮಣಿಯವರ ಕಂಠ, ಅವುಗಳ ನಡುವೆ ಪರದೇಶದ ವಾದ್ಯ ನೆಂಟನಂತೆ ಬಂದು ಮನೆಮಗನಾಗಿಬಿಡುತ್ತದೆ.

ಚಾಮರಾಜನಗರದ ನಮ್ಮ ಕಾಲೇಜಿನಲ್ಲಿ ಒಂದು ಸಂಜೆ, ಪಾಠ ಮುಗಿದ ಮೇಲೆ, ಅದನ್ನು ಹತ್ತು ಹನ್ನೆರಡು ವಿದ್ಯಾರ್ಥಿಗಳಿಗೆ ಕೇಳಿಸಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಗುಲಾಮರಾಗಿ ಅಮೆರಿಕಕ್ಕೆ ಸಾಗಿಸಲ್ಪಟ್ಟ ಆಫ್ರಿಕನ್ನರ ಸಂತತಿಯವರು ನ್ಯೂ ಆರ್ಲಿಯನ್ಸ್ ನಗರದಲ್ಲಿ ಬೆಳೆಸಿದ ಸಂಗೀತವಿದು ಎಂದು ವಿವರಿಸಿದೆ. ಎಲ್ಲರೂ ಬಲ್ಲ ಒಂದು ಧಾಟಿಯನ್ನು ಮೊದಲು ನುಡಿಸುವುದು. ಬಳಿಕ ಒಬ್ಬೊಬ್ಬರಾಗಿ ಅದನ್ನು ತಮ್ಮ ಮನಸ್ಸಿಗೆ ತೋರಿದಂತೆ ಬೆಳೆಸುವುದು. ಉಳಿದವರು ಲಯ ಹಿಡಿದು ಕಾಯುವುದು. ಕೊನೆಗೆ ಎಲ್ಲರೂ ಮತ್ತೆ ಮೂಲ ಧಾಟಿಯಲ್ಲಿ ಕೂಡುವುದು. ನಾವು ಮನೋಧರ್ಮವೆನ್ನುವುದು ಇದನ್ನೇ ಅಲ್ಲವೆ?

ಹಿಂದಿನ ಬೆಂಚಿನಿಂದ ಒಂದು ದನಿ ಬಂತು: “ಸಾರ್, ನಮ್ಮ ತಾತ ಮಾಡೋದೂ ಇದೇ.”

ನಾನು ಬೆರಗಾದೆ. ಆ ಹುಡುಗನಿಗೆ ಮಂಟೇಸ್ವಾಮಿ ಕಾವ್ಯವನ್ನು ಒಂದು ವರ್ಷ ಪಾಠಮಾಡಿದ್ದೆ, ಅಂಕವನ್ನೂ ಕೊಟ್ಟಿದ್ದೆ. ಅವನ ತಾತ ದೀಕ್ಷೆ ಪಡೆದ ನೀಲಗಾರನೆಂಬುದನ್ನು ಅವನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ತಂಬೂರಿ ಹಿಡಿದು ಮನೆಮನೆಗೆ ಭಿಕ್ಷಕ್ಕೆ ಹೋಗುವವರ ಮೊಮ್ಮಗನೆಂದು ಜೊತೆಯವರು ನಕ್ಕಾರೆಂಬ ಅಳುಕು ಅವನಿಗೆ. ಸಾವಿರಾರು ಮೈಲಿ ದೂರದ ಸಂಗೀತ ಆ ಅಳುಕನ್ನು ಬಿಡಿಸಿತು.

ಮುಂದಿನ ಭಾನುವಾರ ಅವನೊಡನೆ ಗುಂಡ್ಲುಪೇಟೆಗೆ ಹೋಗಿ, ಅಲ್ಲಿಂದ ಅವನ ಹಳ್ಳಿಯನ್ನು ಸೇರಿದೆ. ಸಂಜೆ ಜಗಲಿಯ ಮೇಲೆ ತಾತ ಕಲ್ಯಾಣದ ಸಾಲನ್ನು ಎತ್ತಿಕೊಂಡರು. ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಗಗ್ಗರ. ಹಿಮ್ಮೇಳದವರು ಪಲ್ಲವಿ ಮುಗಿಸುವಷ್ಟರಲ್ಲಿ ಮುಂದಿನ ನುಡಿ ಅವರ ನಾಲಗೆಯಲ್ಲಿ ಸಿದ್ಧವಾಗಿರುತ್ತಿತ್ತು. ಕೊಳಕು ವೇಷದಲ್ಲಿ ಬಂದ ಮಂಟೇಸ್ವಾಮಿಯನ್ನು ಗುರುತಿಸದೆ ಮೂಗುಮುಚ್ಚಿಕೊಂಡ ಶರಣರ ಸಾಲಿನಲ್ಲಿ ಆ ಸಂಜೆ ಒಬ್ಬ ಕಾಲೇಜು ಮೇಷ್ಟರೂ ಸೇರಿಬಿಟ್ಟರು! ನೆರೆದವರೆಲ್ಲ ನಕ್ಕರು. ನಾನು ಕೈಯಲ್ಲಿದ್ದ ಮುದ್ರಿತ ಪುಸ್ತಕವನ್ನು ತೋರಿಸಿ, ಇದರಲ್ಲಿ ಆ ಮಾತಿಲ್ಲವಲ್ಲ ಎಂದೆ.

“ಅದು ಅವತ್ತಿನ ಹಾಡು ಕನಾ ಮೇಷ್ಟ್ರೆ, ಇದು ಇವತ್ತಿಂದು” ಎಂದರು ತಾತ.

ಧ್ವನಿಮುದ್ರಿಕೆಗೂ ಈ ಮಾತು ಸಲ್ಲುತ್ತದೆ. ಅದು ಒಂದು ದಿನದ ಮನೋಧರ್ಮವನ್ನು ಉಳಿಸೀತೇ ಹೊರತು ನಾಳಿನದನ್ನು ಹುಟ್ಟಿಸಲಾರದು. ಇಡೀ ರಾತ್ರಿಯ ಕಥೆಗೆ ಅರ್ಧ ಗಂಟೆಯ ವೇದಿಕೆ ಕೊಟ್ಟರೆ ಗಾಯಕನು ಬಾಯಿಪಾಠವನ್ನಷ್ಟೇ ಒಪ್ಪಿಸಬೇಕಾಗುತ್ತದೆ. ಬೆಳೆಸಲು ಹೊತ್ತು ಬೇಕು. ಎದುರಿಗೆ ಕೇಳುವವರು ಬೇಕು. ಪಕ್ಕದಲ್ಲಿ ಕಲಿಯುವವರು ಬೇಕು.

ರಾತ್ರಿ ಬೆಳೆದಂತೆ ನನ್ನ ವಿದ್ಯಾರ್ಥಿ ಮೆಲ್ಲನೆ ಎದ್ದುಹೋಗಿ ಹಿಮ್ಮೇಳದ ಬದಿಯಲ್ಲಿ ಕುಳಿತು, ತಾಳ ಕೈಗೆತ್ತಿಕೊಂಡ. ಪಲ್ಲವಿಯೇನೋ ಅವನಿಗೆ ಪೂರ್ತಿ ಬರುತ್ತಿತ್ತು.

ಮುಂದಿನ ವರ್ಷ ಮಂಟೇಸ್ವಾಮಿ ಕಾವ್ಯದ ಮೊದಲ ಪಾಠವನ್ನು ನಾನು ಮಾಡುವುದಿಲ್ಲ. ತಾತ ಬರಲು ಒಪ್ಪಿದ್ದಾರೆ.