ಹಳೇ ಸಿಡಿ ಡ್ರೈವಿನ ಡಬ್ಬಿಯಲ್ಲಿ ಹಾರ್ಡ್ ಡಿಸ್ಕ್

ಪ್ರಶ್ನೆ: ಕೆಟ್ಟ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಸೀರೆ ಅಂಚಿನ ವಿನ್ಯಾಸಗಳಿವೆ. ಗುಜರಿ ಸಾಮಾನಿನಲ್ಲೇ ಅದನ್ನು ಎಕ್ಸ್‌ಟರ್ನಲ್ ಡ್ರೈವ್ ಮಾಡಿಕೊಳ್ಳಬಹುದೇ?
– ಓದುಗರು, ಇಳಕಲ್

ಉತ್ತರ: ಧಾರಾಳವಾಗಿ. ಕೊಳ್ಳಬೇಕಾದದ್ದು ಸಾಟಾ-ಯುಎಸ್‌ಬಿ ಅಡಾಪ್ಟರ್ ಒಂದೇ. ಡಬ್ಬಿಗೆ ಹಳೇ ಸಿಡಿ ಡ್ರೈವ್ ಸಾಕು. ಒಳಗಿನದೆಲ್ಲ ಕಿತ್ತರೆ 3.5 ಇಂಚಿನ ಡಿಸ್ಕ್ ಆರಾಮಾಗಿ ಕೂರುತ್ತದೆ. ಅದರ ಸರ್ಕ್ಯೂಟಿಗೆ ತಗಡು ತಾಗದಂತೆ ಕೆಳಗೊಂದು ಪ್ಲಾಸ್ಟಿಕ್ ಹಾಳೆ ಹಾಕಿ. ಲ್ಯಾಪ್‌ಟಾಪಿನ 2.5 ಇಂಚಿನ ಡಿಸ್ಕಾದರೆ ಯುಎಸ್‌ಬಿಯ 5 ವೋಲ್ಟ್ ಸಾಲುತ್ತದೆ. ದೊಡ್ಡದಕ್ಕೆ 12 ವೋಲ್ಟೂ ಬೇಕು; ಅದನ್ನು ಹಳೇ ಎಸ್‌ಎಂಪಿಎಸ್ ಕೊಡುತ್ತದೆ. ಅದರ 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ತಂತಿಯನ್ನು ಕಪ್ಪಿಗೆ ಸೇರಿಸಿದರೆ ಮದರ್‌ಬೋರ್ಡ್ ಇಲ್ಲದೆಯೂ ಚಾಲೂ ಆಗುತ್ತದೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಶಾಕ್ ಹೊಡೆದೀತು. ನಿಮ್ಮ ಕಡೆಯ ಬೇಸಿಗೆಗೆ ಡಬ್ಬಿಯಲ್ಲಿ ತೂತುಗಳಿರಲಿ. ಮೊದಲ ದಿನವೇ ವಿನ್ಯಾಸಗಳನ್ನು ಇನ್ನೊಂದೆಡೆ ಪ್ರತಿ ಮಾಡಿಡಿ.