ದೆವ್ವದ ಜಾಡಿನಲ್ಲಿ ಬಹಮನಿ ಕಲಬುರಗಿ

ಪಾಳುಬಿದ್ದ ಕೋಟೆ, ಗೋರಿ, ಹಳೆಯ ಬಂಗಲೆಗಳಿಗೆ ಸಂಜೆಯ ಹೊತ್ತು ಗುಂಪು ಕಟ್ಟಿಕೊಂಡು ಹೋಗಿ, ಆಯಾ ಜಾಗದ ದೆವ್ವದ ಕತೆಯನ್ನು ಅಲ್ಲೇ ನಿಂತು ಕೇಳುವ ಏರ್ಪಾಡಿಗೆ ಘೋಸ್ಟ್ ವಾಕ್, ಅಂದರೆ ದೆವ್ವದ ನಡಿಗೆ ಎಂದು ಹೆಸರು. ಅದಕ್ಕೆ ಬೇಕಾದದ್ದು ಸಾವಿನ ನೆನಪು ಉಳಿದಿರುವ ಒಂದು ಕಟ್ಟಡ, ಮಬ್ಬುಗತ್ತಲೆ ಮತ್ತು ಕತೆ ಹೇಳಬಲ್ಲ ಒಬ್ಬ ಗೈಡ್. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ 1973ರಲ್ಲಿ ಶುರುವಾದ ನಡಿಗೆ ಜಗತ್ತಿನಲ್ಲೇ ಹಳೆಯದು ತಾನೇ ಎಂದು ಹೇಳಿಕೊಳ್ಳುತ್ತದೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹದಿನೆಂಟನೇ ಶತಮಾನದ ಸೇತುವೆಯೊಂದರ ಕಮಾನುಗಳಡಿಯ ಕತ್ತಲೆ ಕೋಣೆಗಳು ಈಗ ಹೆಸರಾಗಿರುವುದೇ ಇಂಥ ನಡಿಗೆಗಳಿಂದ. ಅಲ್ಲೆಲ್ಲ ಇದು ಒಂದು ಕಸುಬು. ಗೈಡ್ ಆದವರು ಊರಿನ ಇತಿಹಾಸ ಓದಿರಬೇಕು, ದನಿಯ ಏರಿಳಿತ ಬಲ್ಲವರಾಗಿರಬೇಕು, ಎಲ್ಲಿ ಮಾತು ನಿಲ್ಲಿಸಬೇಕೆಂಬುದೂ ಗೊತ್ತಿರಬೇಕು.

ಭಾರತದಲ್ಲಿ ಇದಕ್ಕೆ ಸರ್ಕಾರದ ಮುದ್ರೆ ಬಿದ್ದದ್ದು 2023ರ ಮೇ ತಿಂಗಳಲ್ಲಿ. ದೆಹಲಿ ಪ್ರವಾಸೋದ್ಯಮದವರು ಕಾಡಿನ ನಡುವಿನ ಮಾಲ್ಚಾ ಮಹಲಿಗೆ ನಡಿಗೆ ಆರಂಭಿಸಿದರು. ಅದು ಫಿರೋಜ್ ಷಾ ತುಘಲಕನ ಕಾಲದ ಬೇಟೆಮನೆ. ಅವಧದ ರಾಜವಂಶದವಳು ತಾನೆಂದು ಹೇಳಿಕೊಂಡ ಬೇಗಂ ವಿಲಾಯತ್ 1985ರ ಸುಮಾರಿಗೆ ಮಕ್ಕಳೊಂದಿಗೆ ಅಲ್ಲಿ ನೆಲೆಸಿ, 1993ರಲ್ಲಿ ತೀರಿಕೊಂಡಳು. ಕೊನೆಯವರೆಗೆ ಉಳಿದ ಮಗನೂ 2017ರಲ್ಲಿ ಒಂಟಿಯಾಗಿ ಸತ್ತ. ಅಲ್ಲಿಂದಾಚೆಗೆ ಆ ಕಟ್ಟಡಕ್ಕೆ ದೆವ್ವದ ಹೆಸರು ಗಟ್ಟಿಯಾಯಿತು. ಅದೇ ಊರಿನ ಫಿರೋಜ್ ಷಾ ಕೋಟ್ಲಾದಲ್ಲಿ ಗುರುವಾರ ಗುರುವಾರ ಜನ ಜಿನ್ನರಿಗೆ ತಮ್ಮ ಕಷ್ಟಗಳನ್ನು ಚೀಟಿಯಲ್ಲಿ ಬರೆದಿಡುತ್ತಾರೆ. ಅಲ್ಲಿ ಕಾಣುವುದು ಭಯಕ್ಕಿಂತ ಹೆಚ್ಚಾಗಿ ಮೊರೆ.

ಕಲಬುರಗಿಯಲ್ಲಿ ಟಿಕೆಟ್ ಕೊಂಡು ಹೋಗುವ ದೆವ್ವದ ನಡಿಗೆ ಇನ್ನೂ ಬೇರೂರಿಲ್ಲ. ಆದರೆ ಅದಕ್ಕೆ ಬೇಕಾದ ಸಾಮಗ್ರಿ ಈ ನಗರದಲ್ಲಿರುವಷ್ಟು ಕರ್ನಾಟಕದ ಬೇರೆ ಊರುಗಳಲ್ಲಿ ಸಿಗುವುದು ಕಷ್ಟ. ತುಘಲಕರ ವಿರುದ್ಧ ದಂಗೆಯೆದ್ದ ಅಲಾವುದ್ದೀನ್ ಹಸನ್ ಬಹಮನ್ ಷಾ 1347ರಲ್ಲಿ ಸ್ವತಂತ್ರನಾಗಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ. ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಗೆ ತೆರೆದ ಅಂಗಳವೇ ಇಲ್ಲ. ಇಡೀ ಕಟ್ಟಡದ ಮೇಲೆ ಸಾಲುಸಾಲು ಸಣ್ಣ ಗುಮ್ಮಟಗಳು, ಒಳಗೆ ಒಂದರ ಹಿಂದೊಂದು ತಗ್ಗಾದ ಕಮಾನುಗಳು. ಮಧ್ಯಾಹ್ನ ಇಳಿದ ಮೇಲೆ ಆ ಕಮಾನುಗಳ ನಡುವೆ ನೆರಳು ಉದ್ದುದ್ದ ಚಾಚಿಕೊಳ್ಳುವಾಗ ಒಳಗೆ ನಿಂತವರು ತಾವಾಗಿಯೇ ದನಿ ತಗ್ಗಿಸುತ್ತಾರೆ.

ಕತೆಯ ಗರ್ಭಗುಡಿ ಇರುವುದು ನಗರದ ಪೂರ್ವಕ್ಕೆ, ಬಹಮನಿ ಸುಲ್ತಾನರ ಗೋರಿಗಳಿರುವ ಹಫ್ತ್ ಗುಂಬಜಿನಲ್ಲಿ. ದಪ್ಪ ಗೋಡೆ, ಒಳಕ್ಕೆ ವಾಲಿದ ಬದಿ, ತಗ್ಗು ಗುಮ್ಮಟದ ಈ ಗೋರಿಗಳಲ್ಲಿ ಮಲಗಿದವರಲ್ಲಿ ಹಾಸಿಗೆಯ ಮೇಲೆ ನೆಮ್ಮದಿಯಾಗಿ ಸತ್ತವರು ಕಡಿಮೆ. 1378ರ ಒಂದೇ ವರ್ಷದಲ್ಲಿ ಇಬ್ಬರು ಸುಲ್ತಾನರ ಕೊಲೆಯಾಯಿತು. ವಿಜಯನಗರದ ಮೇಲಿನ ದಂಡಯಾತ್ರೆಯಿಂದ ಮರಳುತ್ತಿದ್ದ ಮುಜಾಹಿದ್ ಷಾನನ್ನು ಅವನ ಚಿಕ್ಕಪ್ಪ ದಾವೂದನ ಸಂಚು ದಾರಿಯಲ್ಲೇ ಮುಗಿಸಿತು. ದಾವೂದ್ ಗದ್ದುಗೆ ಏರಿದನೇನೋ ನಿಜ, ಆದರೆ ಒಂದೆರಡು ತಿಂಗಳಲ್ಲೇ ನಮಾಜಿಗೆ ತಲೆಬಾಗಿದ್ದಾಗ ಮಸೀದಿಯಲ್ಲಿ ಇರಿತಕ್ಕೆ ಸಿಕ್ಕು ಸತ್ತ. ಆ ಕೊಲೆಗಾರನ ಹಿಂದೆ ಇದ್ದವಳು ಮುಜಾಹಿದನ ಸಹೋದರಿ ರೂಹ್ ಪರ್ವರ್ ಆಗಾ ಎಂದು ಬಿಜಾಪುರದ ಆಸ್ಥಾನದಲ್ಲಿದ್ದ ಚರಿತ್ರೆಕಾರ ಫೆರಿಷ್ತಾ ಬರೆದಿದ್ದಾನೆ. ಒಡಹುಟ್ಟಿದವನ ರಕ್ತಕ್ಕೆ ಲೆಕ್ಕ ಕೇಳಿದ ಆ ಹೆಣ್ಣು ದಾವೂದನ ಎಳೆಯ ಮಗ ಸಂಜರನ ಕಣ್ಣು ಕೀಳಿಸಿದಳು. ಕೊಂದವನು, ಕೊಲೆಯಾದವನು, ಕಣ್ಣು ಕಳೆದುಕೊಂಡ ಹುಡುಗ, ಮೂವರ ಗೋರಿಗಳೂ ಇಂದು ಒಂದೇ ಆವರಣದಲ್ಲಿವೆ.

1397ರಲ್ಲಿ ಇದೇ ನಾಟಕ ಮತ್ತೊಮ್ಮೆ ನಡೆಯಿತು. ಪಟ್ಟಕ್ಕೆ ಬಂದು ಎರಡು ತಿಂಗಳೂ ತುಂಬದ ಹದಿಹರೆಯದ ಘಿಯಾಸುದ್ದೀನನನ್ನು ತುಘಲ್ಚಿನ್ ಎಂಬ ತುರ್ಕಿ ಗುಲಾಮ ಔತಣದ ನೆಪದಲ್ಲಿ ಕರೆಸಿಕೊಂಡು ಕಣ್ಣು ಕೀಳಿಸಿದ. ಅವನ ತಮ್ಮ ಶಂಸುದ್ದೀನನನ್ನು ಹೆಸರಿಗೆ ಸುಲ್ತಾನನನ್ನಾಗಿ ಕೂರಿಸಿದ್ದೂ ಆಯಿತು. ಅದೇ ವರ್ಷದ ಕೊನೆಗೆ ಬಹಮನಿ ವಂಶದವನೇ ಆದ ಫಿರೋಜ್ ಷಾ, ಶಂಸುದ್ದೀನ್ ಮತ್ತು ತುಘಲ್ಚಿನ್ ಇಬ್ಬರನ್ನೂ ತಳ್ಳಿ ಸಿಂಹಾಸನ ಹಿಡಿದ. ಕುರುಡನಾದ ಘಿಯಾಸುದ್ದೀನ್ ಕೈಗೆ ಕತ್ತಿ ಕೊಡಿಸಿಕೊಂಡು ತುಘಲ್ಚಿನನನ್ನು ತಾನೇ ಕಡಿದ ಎಂಬ ಮಾತೂ ಫೆರಿಷ್ತಾನ ಪುಟಗಳಲ್ಲಿದೆ. ಈ ಒಂದು ಪ್ರಸಂಗದ ಮುಂದೆ ಯಾವ ಕಟ್ಟುಕತೆಯ ದೆವ್ವವೂ ನಿಲ್ಲಲಾರದು.

ಆವರಣದ ದೊಡ್ಡ ಗೋರಿ ಫಿರೋಜ್ ಷಾನದು. ಎರಡು ಗುಮ್ಮಟಗಳಡಿ ಜೋಡಿ ಕೋಣೆಗಳು, ಗೋಡೆಯಲ್ಲಿ ಗಾರೆಯ ಸೂಕ್ಷ್ಮ ಕೆತ್ತನೆ. ಖಗೋಳವನ್ನೂ ಭಾಷೆಗಳನ್ನೂ ಬಲ್ಲ ಸುಲ್ತಾನನೆಂದು ಹೆಸರಾದ ಇವನು 1422ರಲ್ಲಿ ತಮ್ಮ ಅಹ್ಮದನಿಗೆ ಗದ್ದುಗೆ ಬಿಟ್ಟುಕೊಟ್ಟು ಕೆಲವೇ ದಿನಗಳಲ್ಲಿ ತೀರಿಕೊಂಡ. ಕತ್ತು ಹಿಸುಕಿ ಕೊಂದರೆಂಬ ಗುಮಾನಿ ಆಗಲೇ ಹುಟ್ಟಿತ್ತು. ಅಹ್ಮದನ ಬೆನ್ನಿಗಿದ್ದ ಸೂಫಿ ಸಂತ ಖ್ವಾಜಾ ಬಂದೇ ನವಾಜರು ಸಮಾಧಿಯಾದದ್ದೂ ಅದೇ ವರ್ಷ. ಮುಂದೆ ಅಹ್ಮದ್ ರಾಜಧಾನಿಯನ್ನು ಬೀದರಿಗೆ ಒಯ್ದ. ಅರಸೊತ್ತಿಗೆ ಹೋಯಿತು, ಅರಸರ ಗೋರಿಗಳು ಉಳಿದವು. ಬಂದೇ ನವಾಜರ ದರ್ಗಾದಲ್ಲಿ ಇಂದಿಗೂ ಎಲ್ಲ ಜಾತಿ ಮತಗಳ ಜನಜಂಗುಳಿ. ಅಲ್ಲಿಂದ ಹೆಚ್ಚು ದೂರವಿಲ್ಲದ ಸುಲ್ತಾನರ ಗೋರಿಗಳಲ್ಲಿ ಬಾವಲಿಗಳ ವಾಸ.

ನಗರದ ಹೊರಗಿನ ದಿಬ್ಬದ ಮೇಲೆ ಒಂಟಿಯಾಗಿ ನಿಂತ ಚೋರ್ ಗುಂಬಜನ್ನು ಶೋರ್ ಗುಂಬಜ್ ಎಂದೂ ಕರೆಯುತ್ತಾರೆ. ಒಳಗೆ ಕಳ್ಳರು ಅಡಗುತ್ತಿದ್ದರೆಂಬ ಪ್ರತೀತಿ ಒಂದು ಹೆಸರಿಗೆ ಕಾರಣ, ಗುಮ್ಮಟದೊಳಗಿನ ಮಾರ್ದನಿ ಇನ್ನೊಂದಕ್ಕೆ. ಕಳ್ಳರ ಭಯ ಬರೀ ಕಲ್ಪನೆಯಾಗಿರಲಿಲ್ಲ. ನಿಜಾಮನ ಸೇವೆಯಲ್ಲಿದ್ದು, ಮುಂದೆ ಸುರಪುರದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಠಗ್ಗರ ಬಗ್ಗೆ 1839ರಲ್ಲಿ ಒಂದು ಕಾದಂಬರಿಯನ್ನೇ ಬರೆದ. ದಾರಿಹೋಕರನ್ನು ಕೊಂದು ಹೂಳುವ ಗುಂಪುಗಳು ಓಡಾಡುತ್ತಿದ್ದ ಕಾಲದಲ್ಲಿ ಊರಾಚೆಯ ಖಾಲಿ ಗುಮ್ಮಟಕ್ಕೆ ಕೆಟ್ಟ ಹೆಸರು ಬಂದದ್ದು ಸಹಜ. ‘ಸಂಜಿಮುಂದ ಆ ಕಡಿ ಹೋಗಬ್ಯಾಡ’ ಎಂಬ ಹಿರಿಯರ ಮಾತಿನಲ್ಲಿ ದೆವ್ವ ಇದ್ದಷ್ಟೇ ಹಾವು, ಹಾಳುಬಾವಿ, ಕಳ್ಳರೂ ಇದ್ದರು.

ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದತ್ತ ಹೊರಟರೆ ನೋಟ ಬದಲಾಗುತ್ತದೆ. ಕಮಲಾಪುರ ಎಂದೊಡನೆ ಎಲ್ಲರ ನಾಲಿಗೆಗೆ ಬರುವುದು ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೆಂಪು ಬಾಳೆ. ಆದರೆ ಅದೇ ಸೀಮೆಯ ಹೊಳಕುಂದಾದಲ್ಲಿ ಬಹಮನಿ ಶೈಲಿಯ ಏಳು ಗೋರಿಗಳ ಗುಂಪಿದೆ. ಎಲಿಜಬೆತ್ ಮರ್ಕ್ಲಿಂಗರ್ ಎಂಬ ಕಲಾ ಇತಿಹಾಸಕಾರ್ತಿ 1970ರ ದಶಕದಲ್ಲಿ ಅವುಗಳ ಸಮೀಕ್ಷೆ ಪ್ರಕಟಿಸಿದ್ದರು. ಕಲಬುರಗಿಯ ಗುಂಬಜುಗಳ ಸುತ್ತ ನಗರ ಬೆಳೆದು ನಿಂತಿದೆ. ಹೊಳಕುಂದಾದಲ್ಲಿ ಗುಮ್ಮಟ ಕಾಣಿಸುವುದು ಹೊಲಗದ್ದೆಯ ಬಯಲಿನಲ್ಲಿ. ಕತೆಗೆ ಬೇಕಾದ ಏಕಾಂತ ಇರುವುದು ಇಲ್ಲಿಯೇ.

ಇಂಥ ಜಾಗಗಳಲ್ಲಿ ಮೈ ಝುಂ ಎನ್ನುವುದೇಕೆ ಎಂಬುದನ್ನು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು ಎಡಿನ್‌ಬರೋದ ನೆಲಮಾಳಿಗೆಗಳಲ್ಲೂ ಲಂಡನ್ನಿನ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲೂ ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಜನರಿಗೆ ವಿಚಿತ್ರ ಅನುಭವ ಹೆಚ್ಚಾಗಿ ಆದದ್ದು ಕೆಲವು ನಿರ್ದಿಷ್ಟ ಜಾಗಗಳಲ್ಲೇ, ಮತ್ತು ಬೆಳಕಿನ ಪ್ರಮಾಣ, ಕೋಣೆಯ ಗಾತ್ರದಂಥ ಸಂಗತಿಗಳಿಗೂ ಅದಕ್ಕೂ ನಂಟಿತ್ತು. ಅದಕ್ಕೆ ಮೊದಲೇ, 1998ರಲ್ಲಿ, ವಿಕ್ ಟ್ಯಾಂಡಿ ಎಂಬ ಎಂಜಿನಿಯರ್ ತನ್ನ ಪ್ರಯೋಗಾಲಯದ ‘ದೆವ್ವ’ದ ಮೂಲ ಒಂದು ಫ್ಯಾನ್ ಎಂದು ಬರೆದು ಪ್ರಕಟಿಸಿದ್ದ. ಅದು ಹೊರಡಿಸುತ್ತಿದ್ದ, ಕಿವಿಗೆ ಕೇಳದ ಸುಮಾರು 19 ಹರ್ಟ್ಸ್ ಕಂಪನವೇ ಮೈನಡುಕಕ್ಕೆ ಕಾರಣ ಎಂಬುದು ಅವನ ವಾದ. ಗುಂಬಜಿನಲ್ಲಿ ಇಷ್ಟು ದೂರ ಹೋಗಬೇಕಿಲ್ಲ. ನಡುಗುಮ್ಮಟದ ಕೆಳಗೆ ನಿಂತು ಗೈಡ್ ಒಮ್ಮೆ ಚಪ್ಪಾಳೆ ತಟ್ಟಿದರೆ ಸಾಕು. ಸದ್ದು ಮೇಲೇರಿ, ಸುತ್ತಿ, ತಡವಾಗಿ ಬೇರೆ ಮೂಲೆಯಿಂದ ಕೆಳಗಿಳಿಯುತ್ತದೆ, ಬಾವಲಿಗಳು ಒಮ್ಮೆಲೇ ರೆಕ್ಕೆ ಬಡಿಯುತ್ತವೆ. ಒಳ್ಳೆಯ ಗೈಡ್ ಮೊದಲು ಬೆಚ್ಚಿಬೀಳಿಸುತ್ತಾನೆ, ಆಮೇಲೆ ಅದು ಹೇಗಾಯಿತೆಂದು ವಿವರಿಸುತ್ತಾನೆ.

ಸಮಯದ ಕಟ್ಟುಪಾಡೂ ಇದೆ. ಕಲಬುರಗಿ ಕೋಟೆ ಮತ್ತು ಹಫ್ತ್ ಗುಂಬಜ್ ಕೇಂದ್ರ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿವೆ. ವಿಶೇಷ ಅನುಮತಿ ಇಲ್ಲದೆ ಇಂಥ ಸ್ಮಾರಕಗಳಲ್ಲಿ ಸೂರ್ಯಾಸ್ತದ ನಂತರ ಇರುವಂತಿಲ್ಲ. ರಾಜಸ್ಥಾನದ ಭಾನಗಢದಲ್ಲಿ ಇದೇ ಸಾಮಾನ್ಯ ನಿಯಮದ ಫಲಕವನ್ನು ಜನ ದೆವ್ವಕ್ಕೆ ಸರ್ಕಾರ ಕೊಟ್ಟ ಸರ್ಟಿಫಿಕೇಟ್ ಎಂಬಂತೆ ಓದಿಕೊಂಡಿದ್ದಾರೆ. ಹೀಗಾಗಿ ಕಲಬುರಗಿಯ ನಡಿಗೆಗೆ ಹೊಂದುವ ಹೊತ್ತು ಸೂರ್ಯ ಮುಳುಗುವ ಮೊದಲಿನ ಒಂದು ತಾಸು. ಬೇಸಿಗೆಯಲ್ಲಿ ಇಲ್ಲಿನ ಬಿಸಿಲು ತಣಿಯುವುದೂ ಆಗಲೇ.

ಈ ಕಸುಬು ದಾಟಬಾರದ ಗೆರೆಯೊಂದಿದೆ, ಮತ್ತು ಅದನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕಾದದ್ದು ಕಲಬುರಗಿಯಲ್ಲೇ. ಕಲಬುರಗಿ, ಬೀದರ್ ಸೀಮೆಯಲ್ಲಿ ದೆವ್ವದ ಮಾತು ಬರೀ ಮನರಂಜನೆಯಲ್ಲ. ಮನೆಯ ಮೇಲೆ ಕಲ್ಲು ಬೀಳುವುದು, ಬಟ್ಟೆಗೆ ಬೆಂಕಿ ಹತ್ತುವುದು, ಹೆಣ್ಣುಮಕ್ಕಳು ವಿಚಿತ್ರವಾಗಿ ಕೂಗುವುದು, ಇವನ್ನೆಲ್ಲ ಭಾನಾಮತಿ ಎಂದು ಕರೆದು, ಮಾಡಿಸಿದವರೆಂಬ ಶಂಕೆಯ ಮೇಲೆ ಬಡವರನ್ನು ಹೊಡೆದು ಬಡಿದ ಕರಾಳ ಚರಿತ್ರೆ ಇಲ್ಲಿದೆ. ಈ ಕೂಗಾಟ, ಮೈಮೇಲೆ ಬರುವಿಕೆಯ ಹಿಂದೆ ಇರುವುದು ಮನಸ್ಸಿನ ಸಂಕಟ ಎಂದು ನಿಮ್ಹಾನ್ಸ್‌ನಲ್ಲಿದ್ದ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಕನ್ನಡದಲ್ಲೇ ತಿಳಿಯಾಗಿ ಬರೆದು ವಿವರಿಸಿದರು. ಇದೇ ಜಿಲ್ಲೆಯ ದೇವಲ ಗಾಣಗಾಪುರದ ದತ್ತ ಸನ್ನಿಧಿಗೆ ಗಾಳಿ ಸೋಕಿದೆಯೆಂದು ನಂಬಿದವರು ದೂರದೂರದಿಂದ ಬರುತ್ತಾರೆ, ಮಧ್ಯಾಹ್ನದ ಮಂಗಳಾರತಿಯ ವೇಳೆ ಚೀರುತ್ತಾರೆ, ಕಂಬ ಹತ್ತುತ್ತಾರೆ. ಅದು ಸಂಕಟದಲ್ಲಿರುವವರ ಮೊರೆ. ಕ್ಯಾಮೆರಾ ಹಿಡಿದು ನೋಡುವ ತಮಾಷೆ ಅದಾಗಬಾರದು. ದೆವ್ವ ಬಿಡಿಸುವ ನೆಪದ ಹಿಂಸೆ, ದೆವ್ವ ಕರೆಸುವುದಾಗಿ ಜನರನ್ನು ಹೆದರಿಸುವುದು, ನಿಧಿಯಾಸೆಯ ವಾಮಾಚಾರ, ಇವೆಲ್ಲ 2020ರಿಂದ ಜಾರಿಯಲ್ಲಿರುವ ರಾಜ್ಯದ ಮೌಢ್ಯ ನಿಷೇಧ ಕಾಯ್ದೆಯಡಿ ಅಪರಾಧ. ಇನ್ನೊಂದು ಅಪಾಯವೂ ಇದೆ. ಗುಂಬಜಿಗೆ ದೆವ್ವದ ಹೆಸರು ಅಂಟಿದರೆ ಜನ ದೂರವಾಗುತ್ತಾರೆ. ಜನ ದೂರವಾದ ಕಟ್ಟಡದಲ್ಲಿ ಮೊದಲು ಗುದ್ದಲಿ ಹಾಕುವವರು ನಿಧಿಗಳ್ಳರು.

ಕಲಬುರಗಿಗೆ ಬಂದವರು ಹಫ್ತ್ ಗುಂಬಜಿಗೆ ಸಂಜೆ ಐದರ ಒಳಗೆ ತಲುಪಬೇಕು, ಕತ್ತಲಾಗುವ ಮೊದಲು ಹೊರಬರಬೇಕು. ಇತಿಹಾಸ ಬಲ್ಲ ಊರಿನವರನ್ನೇ ಜೊತೆಗೆ ಕರೆದುಕೊಂಡು, ಅವರ ಮಾತಿಗೆ ತಕ್ಕ ಸಂಭಾವನೆ ಕೊಡಬೇಕು. ಗೋರಿಗಳ ಮೇಲೆ ಹತ್ತಬಾರದು, ಗಾರೆಯ ಕೆತ್ತನೆಯನ್ನು ಕೈಯಿಂದ ಮುಟ್ಟಬಾರದು, ಗೋಡೆಯ ಮೇಲೆ ಹೆಸರು ಗೀಚುವವರು ಕಂಡರೆ ತಡೆಯಬೇಕು. ಇನ್ನೊಂದು ದಿನ ಬಿಡುವಿದ್ದರೆ ಕಮಲಾಪುರದ ದಾರಿಯಲ್ಲಿ ಹೊಳಕುಂದಾಕ್ಕೂ ಹೋಗಿಬರಬಹುದು.