ಕೋಣದ ಕಪ್ಪು, ನೀರಿನ ಬಿಳುಪು: ಎಕ್ಸ್‌ಪೋಷರ್ ಎಂಬ ಲೆಕ್ಕ

ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರ ಮೂಡಬೇಕಾದರೆ ಲೆನ್ಸಿನ ಮೂಲಕ ಒಳಬಂದ ಬೆಳಕು ಸೆನ್ಸರ್ ಎಂಬ ಸಂವೇದಕ ಫಲಕದ ಮೇಲೆ ಒಂದಿಷ್ಟು ಕಾಲ ಬೀಳಬೇಕು. ಹೀಗೆ ಬಿದ್ದ ಬೆಳಕಿನ ಒಟ್ಟು ಪ್ರಮಾಣವೇ ಎಕ್ಸ್‌ಪೋಷರ್. ಅದು ಹೆಚ್ಚಾದರೆ (ಓವರ್) ಚಿತ್ರ ಬಿಳಿಚಿಕೊಳ್ಳುತ್ತದೆ, ಕಡಿಮೆಯಾದರೆ (ಅಂಡರ್) ಮಂಕಾಗುತ್ತದೆ. ಈ ಪ್ರಮಾಣವನ್ನು ಅಳೆದು ಸರಿಹೊಂದಿಸುವ ಕೆಲಸವನ್ನು ಇಂದಿನ ಕ್ಯಾಮೆರಾ ತಾನಾಗಿಯೇ ಮಾಡುತ್ತದೆ, ಬಹುಪಾಲು ಸಂದರ್ಭಗಳಲ್ಲಿ ಚೆನ್ನಾಗಿಯೇ ಮಾಡುತ್ತದೆ. ಆದರೆ ಕೆಸರುಗದ್ದೆಯಲ್ಲಿ ಕೋಣಗಳನ್ನು ಓಡಿಸುವ ಕರಾವಳಿಯ ಕಂಬಳದಂಥ ಕಡೆ, ಮಿರುಗುವ ಕಪ್ಪು ಕೋಣಗಳು, ಅವುಗಳ ಕಾಲಡಿಯಿಂದ ಎದ್ದು ಬಿಸಿಲಿಗೆ ಬೆಳ್ಳಗೆ ಹೊಳೆಯುವ ನೀರು, ಹಗಲಿನ ಸುಡುಬಿಸಿಲು ಮತ್ತು ಇರುಳಿನ ಫ್ಲಡ್‌ಲೈಟು ಎಲ್ಲವೂ ಒಂದೇ ಕರೆಯಲ್ಲಿ, ಅಂದರೆ ಓಟದ ಗದ್ದೆಯಲ್ಲಿ, ಎದುರಾಗುವುದರಿಂದ, ಯಂತ್ರದ ಲೆಕ್ಕ ಎಲ್ಲಿ ಮುಗಿಯುತ್ತದೆ ಮತ್ತು ಛಾಯಾಗ್ರಾಹಕನ ಲೆಕ್ಕ ಎಲ್ಲಿ ಶುರುವಾಗಬೇಕು ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಬೆಳಕನ್ನು ಹತೋಟಿಯಲ್ಲಿಡುವ ಮೊದಲ ಸಾಧನ ಅಪರ್ಚರ್, ಅಂದರೆ ಲೆನ್ಸಿನೊಳಗೆ ಹಿಗ್ಗಿ ಕುಗ್ಗುವ ರಂಧ್ರ. ಇದನ್ನು ಎಫ್ ಸಂಖ್ಯೆಯಲ್ಲಿ ಹೇಳುವುದು ರೂಢಿ; ಲೆನ್ಸಿನ ನಾಭಿದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿದರೆ ಈ ಸಂಖ್ಯೆ ಬರುತ್ತದೆಯಾದ್ದರಿಂದ, 50 ಮಿ.ಮೀ. ಲೆನ್ಸಿನಲ್ಲಿ ಎಫ್/2 ಎಂದರೆ ರಂಧ್ರದ ವ್ಯಾಸ 25 ಮಿ.ಮೀ., ಎಫ್/4 ಎಂದರೆ 12.5 ಮಿ.ಮೀ. ಹೊಸಬರನ್ನು ಗೊಂದಲಕ್ಕೆ ಕೆಡವುವ ಸಂಗತಿಯೂ ಇದೇ: ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಚಿಕ್ಕದು. ವ್ಯಾಸ ಅರ್ಧವಾದಾಗ ರಂಧ್ರದ ವಿಸ್ತೀರ್ಣ ಕಾಲುಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಬೆಳಕನ್ನು ಸರಿಯಾಗಿ ಅರ್ಧಕ್ಕೆ ಇಳಿಸಬೇಕಾದರೆ ಸಂಖ್ಯೆಯನ್ನು 2ರ ವರ್ಗಮೂಲವಾದ ಸುಮಾರು 1.4ರಿಂದ ಗುಣಿಸಬೇಕು. ಲೆನ್ಸುಗಳ ಮೇಲೆ ಕಾಣುವ 1.4, 2, 2.8, 4, 5.6, 8, 11, 16 ಎಂಬ ವಿಚಿತ್ರ ಸರಣಿಯ ಗುಟ್ಟು ಇಷ್ಟೇ. ಬೆಳಕು ಹೀಗೆ ಇಮ್ಮಡಿಯಾಗುವ ಅಥವಾ ಅರ್ಧವಾಗುವ ಒಂದೊಂದು ಮೆಟ್ಟಿಲಿಗೆ ಸ್ಟಾಪ್ ಎಂದು ಹೆಸರು.

ಎರಡನೆಯದು ಶಟರ್ ವೇಗ, ಅಂದರೆ ಬೆಳಕು ಸೆನ್ಸರಿನ ಮೇಲೆ ಬೀಳುವ ಅವಧಿ. ಒಂದು ಸೆಕೆಂಡಿನ 125ನೇ ಒಂದು ಭಾಗದಿಂದ 250ನೇ ಒಂದು ಭಾಗಕ್ಕೆ ಹೋದರೆ ಬೆಳಕು ಅರ್ಧವಾಗುವುದರಿಂದ ಅದೂ ಒಂದು ಸ್ಟಾಪ್. ಹಾಗಾಗಿ ಇಲ್ಲಿ ಕಳೆದುಕೊಂಡದ್ದನ್ನು ಅಪರ್ಚರಿನಲ್ಲಿ ತುಂಬಿಕೊಳ್ಳಬಹುದು. ನಿರಭ್ರ ಬಿಸಿಲಿನಲ್ಲಿ, ಮೂರನೆಯ ಸಾಧನವಾಗಿ ಮುಂದೆ ಬರುವ ಐಎಸ್‌ಒ 100 ಇದ್ದಾಗ ಎಫ್/16 ಮತ್ತು 1/100 ಸೆಕೆಂಡ್ ಸರಿಹೋಗುತ್ತದೆ ಎಂಬುದು ಫಿಲ್ಮಿನ ಕಾಲದ ಹಳೆಯ ಸೂತ್ರ. ಅದರಿಂದ ನಾಲ್ಕು ಸ್ಟಾಪ್ ಅಪರ್ಚರ್ ತೆರೆದು, ನಾಲ್ಕು ಸ್ಟಾಪ್ ಶಟರ್ ವೇಗ ಹೆಚ್ಚಿಸಿದರೆ ಎಫ್/4 ಮತ್ತು 1/1600 ಸೆಕೆಂಡ್ ಆಗುತ್ತದೆ; ಸೆನ್ಸರಿಗೆ ಬೀಳುವ ಬೆಳಕು ಅಷ್ಟೇ ಇದ್ದರೂ ಚಿತ್ರ ಮಾತ್ರ ಬೇರೆಯೇ ಆಗಿರುತ್ತದೆ. ಅಪರ್ಚರ್ ಹಿಗ್ಗಿದಂತೆ ಸ್ಫುಟವಾಗಿ ಕಾಣುವ ಆಳ ಕಿರಿದಾಗಿ ಹಿಂದಿನ ಜನಜಂಗುಳಿ ಮಸುಕಾಗುತ್ತದೆ. ಸೆಕೆಂಡಿಗೆ 10 ಮೀಟರಿನಂತೆ ಓಡುವ ಕೋಣ 1/100 ಸೆಕೆಂಡಿನಲ್ಲಿ 10 ಸೆಂ.ಮೀ. ಸರಿಯುವುದರಿಂದ ಚಿತ್ರದಲ್ಲಿ ಅದರ ಮುಖವೇ ಕದಡುತ್ತದೆ. 1/1600 ಸೆಕೆಂಡಿನಲ್ಲಾದರೆ ಅದು ಸರಿಯುವುದು ಸುಮಾರು 6 ಮಿ.ಮೀ. ಮಾತ್ರ, ಆಗ ನೀರಿನ ಒಂದೊಂದು ಹನಿಯೂ ಬಿಡಿಬಿಡಿಯಾಗಿ ಕಾಣುತ್ತದೆ.

ಮೂರನೆಯದಾದ ಐಎಸ್‌ಒ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಅದನ್ನು ಹೆಚ್ಚಿಸಿದರೆ ಸೆನ್ಸರಿನ ಗ್ರಹಣಶಕ್ತಿಯೇನೂ ಹೆಚ್ಚುವುದಿಲ್ಲ. ಈಗಾಗಲೇ ದೊರೆತ ವಿದ್ಯುತ್ ಸಂಕೇತವನ್ನು ಕ್ಯಾಮೆರಾ ವರ್ಧಿಸುತ್ತದೆ, ಅಷ್ಟೆ. ಹೆಚ್ಚಿನ ಐಎಸ್‌ಒದಲ್ಲಿ ಕಾಣುವ ಕಾಳುಕಾಳಾದ ಕಲೆಗಳಿಗೆ, ಅಂದರೆ ನಾಯ್ಸ್‌ಗೆ, ಮುಖ್ಯ ಕಾರಣ ಬೆಳಕಿನ ಕೊರತೆ. ಬೆಳಕಿನ ಕಣಗಳು ಒಂದೇ ಸಮನೆ ಬಾರದೆ ಅಡ್ಡಾದಿಡ್ಡಿಯಾಗಿ ಬರುವುದರಿಂದ, ಒಂದು ಪಿಕ್ಸೆಲ್‌ಗೆ ಸರಾಸರಿ 10,000 ಕಣ ಬರುವಲ್ಲಿ ಏರುಪೇರು ಸುಮಾರು 100, ಅಂದರೆ ಶೇಕಡಾ 1. ಬರೀ 100 ಕಣ ಬರುವಲ್ಲಿ ಏರುಪೇರು 10, ಅಂದರೆ ಶೇಕಡಾ 10. ಐಎಸ್‌ಒ ಕಂಡರೆ ಹೆದರಿ ಅದನ್ನು ಕೆಳಗೇ ಇಟ್ಟು ಅಂಡರ್ ಚಿತ್ರ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸಿದರೂ ಅದೇ ಕಲೆಗಳು ಮೇಲೇಳುತ್ತವೆ. ಕಲೆಯಿರುವ ಸ್ಫುಟ ಚಿತ್ರವನ್ನು ಪತ್ರಿಕೆಯಲ್ಲಿ ಅಚ್ಚುಹಾಕಬಹುದು, ನುಣುಪಾಗಿದ್ದೂ ಕದಡಿದ ಚಿತ್ರ ಯಾವ ಪುಟಕ್ಕೂ ಸಲ್ಲುವುದಿಲ್ಲ.

ಈ ಮೂರನ್ನೂ ಹೊಂದಿಸಿಕೊಡುವ ಲೈಟ್ ಮೀಟರಿಗೆ ತನ್ನದೇ ಆದ ಮಿತಿಯಿದೆ. ಅದು ಅಳೆಯುವುದು ವಸ್ತುವಿನಿಂದ ಮರಳಿ ಬಂದ ಬೆಳಕನ್ನು. ವಸ್ತುವೇ ಕಪ್ಪೋ, ಅಥವಾ ಅದರ ಮೇಲೆ ಬಿದ್ದ ಬೆಳಕೇ ಕಡಿಮೆಯೋ ಎಂಬುದನ್ನು ಆ ಅಳತೆಯೊಂದರಿಂದಲೇ ತಿಳಿಯಲು ಬರುವುದಿಲ್ಲ. ಆದ್ದರಿಂದ ಎದುರಿನ ದೃಶ್ಯ ಸರಾಸರಿಯಲ್ಲಿ ನಡುಬೂದು ಬಣ್ಣದ್ದು, ಸಾಂಪ್ರದಾಯಿಕ ಲೆಕ್ಕದಲ್ಲಿ ಶೇಕಡಾ 18ರಷ್ಟು ಬೆಳಕನ್ನು ಪ್ರತಿಫಲಿಸುವಂಥದ್ದು, ಎಂದು ಊಹಿಸಿಕೊಂಡು ಅದು ಲೆಕ್ಕ ಕಟ್ಟುತ್ತದೆ. ಚೌಕಟ್ಟಿನ ತುಂಬ ಕರಿಕೋಣಗಳಿದ್ದರೆ ಬೆಳಕು ಸಾಲದೆಂದು ತಿಳಿದು ಎಕ್ಸ್‌ಪೋಷರನ್ನು ಏರಿಸುತ್ತದೆ. ಕೋಣ ಬೂದಾಗುತ್ತದೆ, ಚಿಮ್ಮಿದ ನೀರು ವಿವರವಿಲ್ಲದ ಬಿಳಿಯ ತೇಪೆಯಾಗುತ್ತದೆ. ಅಚ್ಚ ಬಿಳಿ ಪಂಚೆ, ಅಂಗಿ ತೊಟ್ಟವರ ಗುಂಪನ್ನು ಹತ್ತಿರದಿಂದ ತೆಗೆದರೆ ಇದಕ್ಕೆ ತಿರುಗುಮುರುಗಾಗಿ ಬಟ್ಟೆ ಮಾಸಿದಂತೆ ಕಾಣುತ್ತದೆ. ಹೊಸ ಕ್ಯಾಮೆರಾಗಳು ದೃಶ್ಯವನ್ನು ನೂರಾರು ಭಾಗಗಳಾಗಿ ನೋಡಿ, ಮುಖಗಳನ್ನು ಗುರುತಿಸಿ ಈ ತಪ್ಪನ್ನು ತಗ್ಗಿಸಿವೆಯಾದರೂ ಪೂರ್ತಿ ತೊಡೆದಿಲ್ಲ.

ಇದಕ್ಕೆ ಇರುವ ಉಪಾಯ ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಅಂದರೆ ಕೂಡು ಮತ್ತು ಕಳೆ ಚಿಹ್ನೆಗಳಿರುವ ಗುಂಡಿ ಅಥವಾ ತಿರುಗಣೆ. ಮೀಟರ್ ಏನೇ ಹೇಳಲಿ, ಅದಕ್ಕಿಂತ ಇಷ್ಟು ಹೆಚ್ಚು ಅಥವಾ ಇಷ್ಟು ಕಡಿಮೆ ಎಂದು ಆಜ್ಞೆ ಮಾಡಲು ಇದು ಸಾಕು: ಕೋಣಗಳಿಗೆ ಸುಮಾರು ಒಂದು ಸ್ಟಾಪ್ ಕಳೆಯುವುದು, ಬಿಳಿ ಬಟ್ಟೆಗೆ ಒಂದು ಸ್ಟಾಪ್ ಕೂಡುವುದು. ಎಲ್ಲವನ್ನೂ ಕೈಯಿಂದಲೇ ತಿರುಗಿಸುವ ಮ್ಯಾನ್ಯುಯಲ್ ಮೋಡ್ ಬಳಸುವವರೇ ನಿಜವಾದ ಛಾಯಾಗ್ರಾಹಕರು ಎಂಬ ಠೇಂಕಾರ ಹವ್ಯಾಸಿಗಳ ವಲಯದಲ್ಲಿ ಸಾಕಷ್ಟಿದೆ. ಬೆಳಕು ಬದಲಾಗದ ಕಡೆ ಆ ಮೋಡ್ ನಿಜಕ್ಕೂ ಉತ್ತಮ. ಮೋಡ ಬಂದು ಹೋಗುತ್ತಿರುವಾಗ, ಅಪರ್ಚರ್ ಮತ್ತು ಶಟರನ್ನು ತಾನು ಹಿಡಿದಿಟ್ಟುಕೊಂಡು ಐಎಸ್‌ಒವನ್ನು ಕ್ಯಾಮೆರಾಕ್ಕೆ ಬಿಟ್ಟು, ಈ ಗುಂಡಿಯೊಂದರ ಮೇಲೆ ಬೆರಳಿಟ್ಟಿರುವವನೇ ಹೆಚ್ಚು ಚಿತ್ರಗಳನ್ನು ಉಳಿಸಿಕೊಳ್ಳುತ್ತಾನೆ.

ಅನುಮಾನ ಬಂದಾಗ ಕೂಡುವುದಕ್ಕಿಂತ ಕಳೆಯುವ ಕಡೆಗೇ ಛಾಯಾಗ್ರಾಹಕರ ಒಲವಿರುವುದಕ್ಕೆ ಕಾರಣ ಸೆನ್ಸರಿನ ರಚನೆಯಲ್ಲಿದೆ. ತುಂಬಿದ ತಂಬಿಗೆಗೆ ಎಷ್ಟು ಸುರಿದರೂ ನೀರು ಹೊರಚೆಲ್ಲುವಂತೆ, ಪಿಕ್ಸೆಲ್ ತನ್ನ ಪಾಲಿನ ವಿದ್ಯುದಾವೇಶದಿಂದ ತುಂಬಿದ ಮೇಲೆ ಬಂದ ಬೆಳಕು ದಾಖಲಾಗುವುದೇ ಇಲ್ಲ. ನೆರಳಿನಲ್ಲಿ ಹುದುಗಿದ ವಿವರವನ್ನು, ಅದರಲ್ಲೂ ಸೆನ್ಸರಿನ ಮಾಹಿತಿಯನ್ನು ಸಂಸ್ಕರಿಸದೆ ಉಳಿಸುವ ರಾ ಕಡತದಲ್ಲಿದ್ದರೆ, ಆಮೇಲೆ ಒಂದಿಷ್ಟು ಮೇಲೆತ್ತಬಹುದು. ತುಂಬಿ ಹೋದ ಬಿಳುಪಿನಿಂದ ಏನನ್ನೂ ಹೊರತೆಗೆಯಲಾಗದು. 14 ಬಿಟ್‌ನ ರಾ ಕಡತದಲ್ಲಿ ಪ್ರತಿ ಬಣ್ಣಕ್ಕೆ 16,384 ಮಟ್ಟಗಳಿದ್ದರೆ, ಕ್ಯಾಮೆರಾ ಸಂಸ್ಕರಿಸಿ ಕಿರಿದಾಗಿಸಿದ ಜೆಪೆಗ್‌ನಲ್ಲಿ ಇರುವುದು 256 ಮಾತ್ರ. 1940ರ ಸುಮಾರಿಗೆ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಅಮೆರಿಕದಲ್ಲಿ ರೂಪಿಸಿದ ಝೋನ್ ಪದ್ಧತಿಯಲ್ಲಿ, ನೆಗೆಟಿವ್ ಫಿಲ್ಮಿನ ಗುಣಕ್ಕೆ ತಕ್ಕಂತೆ, ನೆರಳಿನ ವಿವರ ನೋಡಿ ಎಕ್ಸ್‌ಪೋಷರ್ ನಿರ್ಧರಿಸುತ್ತಿದ್ದರು. ಡಿಜಿಟಲ್‌ನಲ್ಲಿ ಉಳಿಸಿಕೊಳ್ಳಬೇಕಾದ ಬಿಳುಪನ್ನು ಮೊದಲು ನೋಡಬೇಕಾಗುತ್ತದೆ. ಅದನ್ನು ನೋಡಲು ಕ್ಯಾಮೆರಾದ ಪರದೆಯನ್ನು ನಂಬುವಂತಿಲ್ಲ, ಏಕೆಂದರೆ ಬಿಸಿಲಿನಲ್ಲಿ ಪರದೆಯ ಮೇಲೆ ಎಲ್ಲ ಚಿತ್ರಗಳೂ ಕಪ್ಪಾಗಿಯೇ ಕಾಣುತ್ತವೆ. ಕಪ್ಪಿನಿಂದ ಬಿಳಿಯವರೆಗಿನ ಪಿಕ್ಸೆಲ್‌ಗಳ ಹಂಚಿಕೆಯನ್ನು ತೋರಿಸುವ ಹಿಸ್ಟೋಗ್ರಾಂ ನಕ್ಷೆಯ ಗುಡ್ಡ ಬಲಗಡೆಯ ಅಂಚಿಗೆ ಒತ್ತಿ ನಿಂತಿದ್ದರೆ ಓವರ್ ಆಗಿದೆಯೆಂದು ಅರ್ಥ. ಆದರೆ ಸಾಮಾನ್ಯವಾಗಿ ಆ ನಕ್ಷೆಯನ್ನೂ ಜೆಪೆಗ್ ಪ್ರತಿಯಿಂದಲೇ ಬರೆಯಲಾಗುವುದರಿಂದ ರಾ ಕಡತದಲ್ಲಿ ಇನ್ನೂ ಸ್ವಲ್ಪ ಅವಕಾಶ ಉಳಿದಿರುತ್ತದೆ.

ಕತ್ತಲಾದ ಮೇಲೆ ಲೆಕ್ಕ ಬಿಗಿಯಾಗುತ್ತದೆ. ಫ್ಲಡ್‌ಲೈಟಿನ ಬೆಳಕು ಬಿಸಿಲಿನ ಸುಮಾರು 250ನೇ ಒಂದು ಭಾಗ ಎಂದಿಟ್ಟುಕೊಂಡರೆ ಎಂಟು ಸ್ಟಾಪ್ ಕಡಿಮೆಯಾದಂತೆ. ಎಫ್/4 ಮತ್ತು 1/1600 ಸೆಕೆಂಡನ್ನೇ ಉಳಿಸಿಕೊಳ್ಳಬೇಕಾದರೆ ಐಎಸ್‌ಒ 100ರಿಂದ 25,600ಕ್ಕೆ ಏರಬೇಕು. ಜೊತೆಗೆ ನಮ್ಮ ವಿದ್ಯುತ್ ಪೂರೈಕೆಯ ಆವರ್ತನ 50 ಹರ್ಟ್ಸ್ ಆದ್ದರಿಂದ ಅನೇಕ ದೀಪಗಳು ಕಣ್ಣಿಗೆ ಗೊತ್ತಾಗದಂತೆ ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಶಟರ್ ಬಹಳ ವೇಗವಾಗಿದ್ದಾಗ ಒಂದು ಚಿತ್ರ ಬೆಳಕಿನ ಏರಿಕೆಯಲ್ಲಿ, ಮುಂದಿನದು ಇಳಿಕೆಯಲ್ಲಿ ಸಿಕ್ಕು, ಒಂದೇ ಓಟದ ಸಾಲು ಚಿತ್ರಗಳಲ್ಲಿ ಒಂದು ಬೆಳ್ಳಗೆ, ಇನ್ನೊಂದು ಮಂಕಾಗಿ ಬರುವುದುಂಟು. ಶಟರಿನ ಎರಡು ಪರದೆಗಳ ನಡುವಿನ ಕಿರುಸೀಳು ಸೆನ್ಸರನ್ನು ದಾಟುವಷ್ಟರಲ್ಲೇ ಬೆಳಕು ಬದಲಾದರೆ ಚಿತ್ರದ ಮೇಲೆ ಪಟ್ಟೆಗಳೂ ಮೂಡುತ್ತವೆ. ಕೆಲವು ಕ್ಯಾಮೆರಾಗಳಲ್ಲಿರುವ ಫ್ಲಿಕರ್ ನಿವಾರಣೆಯ ಸೌಲಭ್ಯ ಬೆಳಕು ಏರಿದ ಗಳಿಗೆಯನ್ನೇ ಕಾದು ಶಟರ್ ಬಿಡುತ್ತದೆ. ಅದಿಲ್ಲದವರಿಗೆ ಉಳಿಯುವ ದಾರಿ ಏರಿಳಿತದ ಒಂದೆರಡು ಪೂರ್ಣ ಆವೃತ್ತಿಗಳನ್ನು ಒಳಗೊಳ್ಳುವ 1/100 ಅಥವಾ 1/50 ಸೆಕೆಂಡ್. ಆ ವೇಗದಲ್ಲಿ ಓಟವನ್ನು ನಿಲ್ಲಿಸಿ ಹಿಡಿಯಲಾಗದ್ದರಿಂದ ಕ್ಯಾಮೆರಾವನ್ನೇ ಕೋಣಗಳ ಜೊತೆಜೊತೆಗೆ ತಿರುಗಿಸುವ ಪ್ಯಾನಿಂಗ್ ಕ್ರಮ ಅನುಸರಿಸಬೇಕು. ಹಲವು ಚಿತ್ರಗಳು ಕೆಡುತ್ತವೆ, ಕೂಡಿಬಂದ ಚಿತ್ರದಲ್ಲಿ ಓಡಿಸುವವನ ಮುಖ ಸ್ಫುಟವಾಗಿದ್ದು ಕಾಲು, ಕೆಸರು, ಪ್ರೇಕ್ಷಕರ ಸಾಲು ಎಲ್ಲ ಗೆರೆಗಳಾಗಿ ಎಳೆದುಕೊಳ್ಳುತ್ತವೆ, ಮತ್ತು 1/1600ರಿಂದ 1/50ಕ್ಕೆ ಐದು ಸ್ಟಾಪ್ ಇಳಿದದ್ದರಿಂದ ಐಎಸ್‌ಒ 800 ಸಾಕಾಗುತ್ತದೆ.